ಅಜ್ಮಾನಿನ ಮನೆಗೆ ಸಂಬಂಧ ವಿಚಾರಿಸಿದ್ದು

ಪಾಣೆಮಂಗಳೂರು
9 ಫೆಬ್ರವರಿ 2025, ಆದಿತ್ಯವಾರ

ಪ್ರೀತಿಯ ಮಗಳು ಶಮ್ನಾಳಿಗೆ,

ಅಸ್ಸಲಾಮು ಅಲೈಕುಂ. ನಾನು ಆರೋಗ್ಯವಾಗಿದ್ದೇನೆ, ಎಡಗಾಲಿನ ಮೊಣಗಂಟು ಒಂದನ್ನು ಬಿಟ್ಟರೆ. ಅದು ಮೆಟ್ಟಿಲು ಕಂಡರೆ ನೋಯುತ್ತದೆ, ಮದುವೆ ಮನೆ ಕಂಡರೆ ನೋಯುವುದಿಲ್ಲ. ಡಾಕ್ಟರಿಗೆ ಹೇಳಿದರೆ ನಗುತ್ತಾರೆ.

ಉತ್ತರ ಕೊಡುವುದು ತಡವಾಯಿತು, ಬೈಯಬೇಡ. ನೀನು ಫೋನ್ ಮಾಡಿದಾಗಲೆಲ್ಲ "ಉಮ್ಮ, ಕೆಲಸ ಎಲ್ಲಿಗೆ ಬಂತು" ಎಂದು ಕೇಳಿದೆ, ನಾನು "ಹೇಳ್ತೇನೆ, ಹೇಳ್ತೇನೆ" ಎಂದು ಜಾರಿಕೊಂಡೆ. ರಂಜಾನಿನ ನೋಂಬು ಶುರುವಾಗುವ ಮೊದಲು ಮದುವೆ ಮುಗಿಸಬೇಕೆಂದು ಊರಿಗೆ ಊರೇ ನನ್ನ ಬೆನ್ನು ಹತ್ತಿದೆ. ನಿನ್ನ ಉಮ್ಮ, ಮದುವೆ ದಲ್ಲಾಳಿ ನಫೀಸಮ್ಮನಿಗೆ ಈ ತಿಂಗಳು ಸಾಯಲಿಕ್ಕೂ ಪುರುಸೊತ್ತಿಲ್ಲ. ಆದರೆ ತಡವಾದದ್ದು ಅದಕ್ಕೆ ಮಾತ್ರ ಅಲ್ಲ. ನಿನ್ನ ಕೆಲಸದಲ್ಲೇ ಓಡಾಡುತ್ತಿದ್ದೆ. ಓದು, ಗೊತ್ತಾಗುತ್ತದೆ.

ಈ ಕಾಲದಲ್ಲಿ ಪತ್ರ ಯಾಕೆ ಎಂದು ನೀನು ಕೇಳುತ್ತೀ. ನನ್ನ ವಾಯ್ಸ್ ಮೆಸೇಜನ್ನು ನೀನು ಎರಡರಷ್ಟು ವೇಗದಲ್ಲಿ ಓಡಿಸಿ ಕೇಳುತ್ತೀಯಂತೆ. ಹೋದ ಸಲ ಬಂದಾಗ ನಿನ್ನದೇ ಬಾಯಿ ತಪ್ಪಿ ಬಂದದ್ದು. ನನ್ನ ಸ್ವರ ಮೊಟ್ಟೆ ಇಟ್ಟ ಕೋಳಿಯ ಹಾಗೆ ಕೇಳುತ್ತದಂತೆ. ಪತ್ರವನ್ನು ಹಾಗೆ ಓಡಿಸಲಿಕ್ಕೆ ಆಗುವುದಿಲ್ಲವಲ್ಲ. ಪಕ್ಕದ ಮನೆಯ ಕಾಂತಿಯ ಮಗ ಲತೇಶ್ ರಜೆ ಮುಗಿಸಿ ಬುಧವಾರ ನಿನ್ನ ಶಾರ್ಜಾಕ್ಕೆ ಹೊರಡುತ್ತಾನೆ, ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ನಿನ್ನ ಆಸ್ಪತ್ರೆಯ ಲ್ಯಾಬಿಗೇ ಬಂದು ನಿನ್ನ ಕೈಗೇ ಕೊಡಬೇಕು, ಮನೆಗೆ ಹೋಗಬೇಡ ಎಂದು ಹೇಳಿದ್ದೇನೆ. ಜೊತೆಗೆ ಮಾವಿನಮಿಡಿ ಉಪ್ಪಿನಕಾಯಿ ಉಂಟು. ಒಣಮೀನು ಕಟ್ಟಿದ್ದೆ, ಲತೇಶ್ ಕೈ ಮುಗಿದ. "ಮಾಮಿ, ವಿಮಾನದಲ್ಲಿ ನನ್ನ ಪಕ್ಕ ಯಾರೂ ಕೂರುವುದಿಲ್ಲ" ಎಂದ. ಅದನ್ನು ನಾವೇ ಹುರಿದು ತಿಂದೆವು.

ಈಗ ವಿಷಯಕ್ಕೆ ಬರುತ್ತೇನೆ. ವೇಣೂರಿನ ಜಾಗ ಮಾರುವ ಪತ್ರಕ್ಕೆ ನಾನು ಸಹಿ ಹಾಕಲಿಲ್ಲ. ನೀನು ಬರೆದುಕೊಟ್ಟ ಅಧಿಕಾರ ಪತ್ರ ಹಿಡಿದುಕೊಂಡು ಬೆಳ್ತಂಗಡಿಯ ಸಬ್‌ರಿಜಿಸ್ಟ್ರಾರ್ ಆಫೀಸಿನ ತನಕ ಹೋದದ್ದು ಹೌದು. ಹೋಗಿ, ಕಬ್ಬಿನ ಹಾಲು ಕುಡಿದು, ವಾಪಸು ಬಂದೆ. ಜಾಗ ಮಾರಿದ ಹಣ ಏಜೆಂಟ್ ಸಾಬಿತನ ಕೈಗೆ ಕೊಟ್ಟರೆ ಶಾರ್ಜಾದ ಪಕ್ಕದ ಅಜ್ಮಾನಿನ ಫ್ಲ್ಯಾಟಿಗೆ ಅಡ್ವಾನ್ಸ್ ಆಗುತ್ತದೆ, ಈ ವಾರ ಕೊಡದಿದ್ದರೆ ಫ್ಲ್ಯಾಟ್ ಬೇರೆಯವರ ಪಾಲಾಗುತ್ತದೆ ಎಂದು ನೀನು ಹೇಳಿದ್ದೆ. ಆಗಲಿ ಎಂದು ಬಿಟ್ಟೆ. ಸಿಟ್ಟು ಬಂತಾ? ಬರಲಿ. ಪೂರ್ತಿ ಓದಿದ ಮೇಲೂ ಸಿಟ್ಟು ಉಳಿದರೆ ಫೋನ್ ಮಾಡಿ ಬೈ, ಕೇಳ್ತೇನೆ.

ಸಾಬಿತ್ ನಮ್ಮ ಮನೆಗೆ ಬಂದದ್ದು ಹೋದ ತಿಂಗಳ ಕೊನೆಯ ಸೋಮವಾರ. ಬಿಳಿ ಕಾರು, ನೀಲಿ ಕೋಟು. ನಮ್ಮ ಊರಿನ ಸೆಕೆಯಲ್ಲಿ ಕೋಟು ಹಾಕಿದವನನ್ನು ಕಂಡು ನನಗೆ ಮೊದಲು ಬಂದದ್ದು ಕನಿಕರ. ಅತ್ತರಿನ ಪರಿಮಳ ಅವನಿಗಿಂತ ಮೊದಲೇ ಒಳಗೆ ಬಂದು ಕೂತಿತ್ತು. ಬಾಗಿಲಲ್ಲೇ ಹೇಳಿದ, "ಮಾಮಿ, ನಾನು ಬೇರೆಯವ ಅಲ್ಲ. ನಿಮ್ಮ ದೊಡ್ಡಮ್ಮನ ಮೊಮ್ಮಗಳನ್ನು ಮೂಡುಬಿದಿರೆಗೆ ಕೊಟ್ಟದ್ದು ಉಂಟಲ್ಲ, ಅದು ನಮ್ಮ ಚಿಕ್ಕಪ್ಪನ ಮನೆಗೆ."

ಅಷ್ಟೇ ಸಾಕಾಯಿತು. ನಾನು ಒಳಗೆ ಹೋಗಿ ಕೋಳಿ ಸಾರಿಗೆ ತೆಂಗಿನಕಾಯಿ ತುರಿಯಲಿಕ್ಕೆ ಕೂತೆ.

ಇದು ನಮ್ಮವರ ರೋಗ, ಶಮ್ನಾ. ಒಬ್ಬ ಬಂದನೆಂದರೆ ನಾವು ಕೇಳುವುದು ಒಂದೇ: ಯಾರ ಮಗ, ಯಾವ ಮನೆಯವ. ಎಳೆದು ಎಳೆದು ಎಲ್ಲೋ ಒಂದು ನೆಂಟಸ್ತಿಕೆ ಕೂಡಿತೆಂದರೆ ಮುಗಿಯಿತು, ಆಮೇಲೆ ಯಾವ ಪ್ರಶ್ನೆಯೂ ಇಲ್ಲ. ಕೇಳಿದರೆ ಮರ್ಯಾದೆಗೇಡು. ನೀನೂ ಅದನ್ನೇ ಮಾಡಿದೆ. ಕಾಲೇಜು ಓದಿದವಳು, ದಿನವಿಡೀ ಊರವರ ರಕ್ತವನ್ನು ಮೂರು ಮೂರು ಸಲ ಪರೀಕ್ಷೆ ಮಾಡುವವಳು, ಇವನನ್ನು ಮಾತ್ರ "ಉಮ್ಮ, ನಮ್ಮವನೇ, ಮೂಡುಬಿದಿರೆಯವ" ಎಂಬ ಒಂದೇ ಮಾತಿನಲ್ಲಿ ಪಾಸು ಮಾಡಿದೆ. ನಾನು ನಿನಗಿಂತ ಮೇಲಲ್ಲ. ಗಂಡಿನ ಮನೆಗೆ ವಿಚಾರಣೆಗೆ ಹೋದರೆ ವಿಚಾರಣೆ ಮುಗಿಯುವ ತನಕ ಅಲ್ಲಿಯ ಚಾ ಮುಟ್ಟದವಳು ನಾನು. ಚಾ ಕುಡಿದ ಬಾಯಿಗೆ ಪ್ರಶ್ನೆ ಬರುವುದಿಲ್ಲ. ಅಂಥವಳು ಅವನಿಗೆ ಅಕ್ಕಿಯ ಪುಂಡಿ, ಕೋಳಿ ಸಾರು ಬಡಿಸಿ ಕೂತೆ. ಉಣ್ಣುತ್ತಿರುವ ನೆಂಟನ ಹತ್ತಿರ "ನಿನ್ನ ಪೇಪರ್ ತೋರಿಸು" ಎನ್ನುವುದು ಹೇಗೆ ಹೇಳು.

ಊಟ ಆದ ಮೇಲೆ ಅವನು ಚೀಲದಿಂದ ಒಂದು ಕಪ್ಪು ಡಬ್ಬಿ ತೆಗೆದ. ಗಾಡಿ ಕುದುರೆಯ ಕಣ್ಣಪಟ್ಟಿಯ ಹಾಗೆ ಉಂಟು. "ಇದನ್ನು ಕಣ್ಣಿಗೆ ಕಟ್ಟಿಕೊಳ್ಳಿ ಮಾಮಿ, ಶಮ್ನಾ ಮೇಡಮ್ಮಿನ ಮನೆ ಇಲ್ಲೇ ನೋಡುವ" ಎಂದ. ಕಟ್ಟಿಕೊಂಡೆ. ಯಾ ಅಲ್ಲಾಹ್, ಏನು ಮನೆ ಅದು. ಹಾಲಿನ ಹಾಗಿನ ನೆಲ, ಗಾಜಿನ ಗೋಡೆ, ಹೊರಗೆ ಕಣ್ಣು ಹಾಯುವಷ್ಟು ಸಮುದ್ರ. ಅಡುಗೆ ಕೋಣೆಯಲ್ಲಿ ಚಿನ್ನದ ಬಣ್ಣದ ನಲ್ಲಿ. ನೀರು ಬರುತ್ತದಾ ನೋಡುವ ಎಂದು ಕೈ ಚಾಚಿದೆ, ನಮ್ಮ ಟಿ.ವಿ. ಸ್ಟ್ಯಾಂಡಿನ ಮೇಲಿದ್ದ ಚಾ ಗ್ಲಾಸು ಫಳ್ ಎಂದಿತು. ಮತ್ತೆ ಎರಡು ಹೆಜ್ಜೆ ಇಟ್ಟು ಬಾಲ್ಕನಿಗೆ ಹೋಗುವ ಎಂದು ಹೊರಟವಳು ನಮ್ಮ ಬಟ್ಟೆ ಕಪಾಟಿಗೆ ಹಣೆ ಹೊಡೆದುಕೊಂಡೆ. ಅಷ್ಟರಲ್ಲಿ ಕರಿಬೇವು ಕೇಳಲಿಕ್ಕೆ ಬಂದ ಕಾಂತಿ ಬಾಗಿಲಲ್ಲಿ ನಿಂತು, "ನಫೀಸಕ್ಕ, ಕಪಾಟಿನ ಹತ್ತಿರ ಎಂಥ ಮಾತಾಡ್ತಾ ಇದ್ದೀರಿ" ಎಂದು ಕೇಳಿದಳು.

ಡಬ್ಬಿ ತೆಗೆದ ಮೇಲೆ ಸಾಬಿತನನ್ನು ಕೇಳಿದೆ, "ಮನೆ ಕಟ್ಟಿ ಎಷ್ಟು ಸಮಯ ಆಯಿತು?"

"ಕಟ್ಟಿ ಆಗಿಲ್ಲ ಮಾಮಿ, ಕಟ್ಟುತ್ತಾರೆ. ಈಗ ತೆಗೆದುಕೊಂಡರೆ ರೇಟ್ ಕಡಿಮೆ."

"ಅಂದರೆ ನಾನು ಈಗ ನಡೆದಾಡಿದ್ದು ಎಲ್ಲಿ?"

ಅವನು ನಕ್ಕ. ಕಾಂತಿ ನಗಲಿಲ್ಲ. "ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದ್ದಾರೆ, ಅದೂ ರೇಷ್ಮೆಯದ್ದು" ಎಂದು ಹೇಳಿ ಕರಿಬೇವು ಕಿತ್ತುಕೊಂಡು ಹೋದಳು.

ಅವನು ಹೋದ ಮೇಲೆ ನಾನು ಕೂತು ಅವನ ಮಾತನ್ನೆಲ್ಲ ಮನಸ್ಸಿನಲ್ಲಿ ತಿರುಗಿಸಿದೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆಯಿಂದ ಅನ್ನ ತಿನ್ನುವವಳು ನಾನು. ದಲ್ಲಾಳಿಯ ಭಾಷೆ ದಲ್ಲಾಳಿಗೆ ಗೊತ್ತಾಗದೆ ಇರುತ್ತದಾ? ನಾನು "ಹುಡುಗನದ್ದು ಸ್ವಂತ ಬಿಸಿನೆಸ್" ಎಂದರೆ ಅವನು ಮಾವನ ಅಂಗಡಿಯಲ್ಲಿ ಕೂರುತ್ತಾನೆ ಎಂದರ್ಥ. "ಹುಡುಗಿ ತುಂಬ ಸೈಲೆಂಟ್" ಎಂದರೆ ಮೊದಲ ಭೇಟಿಯಲ್ಲಿ ಸೈಲೆಂಟ್. "ಬೇರೆ ಎರಡು ಕಡೆಯಿಂದ ಕೇಳ್ತಾ ಇದ್ದಾರೆ, ಶುಕ್ರವಾರದ ಒಳಗೆ ಹೇಳಿ" ಎಂದು ನಾನು ಹೇಳಿದೆನೆಂದರೆ ಆ ಹುಡುಗನನ್ನು ಯಾರೂ ಕೇಳುತ್ತಿಲ್ಲ. ಇವನೂ ಹೇಳಿದ್ದು ಅದನ್ನೇ. ಸಮುದ್ರ ಕಾಣುತ್ತದೆ, ಮೆಟ್ರೋ ಬರಲಿಕ್ಕುಂಟು, ಬೇರೆ ಎರಡು ಪಾರ್ಟಿ ಕಾಯುತ್ತಿದ್ದಾರೆ, ಮುಂದಿನ ವಾರ ಗುರುವಾರದ ಒಳಗೆ ಅಡ್ವಾನ್ಸ್. ಹುಡುಗ ಮೂಡುಬಿದಿರೆಯವನೇ ಇರಲಿ, ಈ ಸುಳ್ಳೆಲ್ಲ ನಾನು ಹೇಳಿ ಬಿಟ್ಟ ಹಳೆಯ ಸುಳ್ಳುಗಳು.

ನಿನ್ನ ಬಾಪನ ನೆನಪಾಯಿತು. ಆ ವೇಣೂರಿನ ತುಂಡು ಜಾಗವನ್ನು ನೀನು ಹುಟ್ಟಿದ ವರ್ಷ ನಿನ್ನ ಹೆಸರಿನಲ್ಲೇ ತೆಗೆಯಬೇಕೆಂದು ಹೊರಟ ಮನುಷ್ಯ ಮಳೆಗಾಲದಲ್ಲಿ ಒಮ್ಮೆ ಹೋಗಿ ನೀರು ನಿಲ್ಲುತ್ತದಾ ನೋಡಿದರು, ಮೇ ತಿಂಗಳಲ್ಲಿ ಹೋಗಿ ಪಕ್ಕದವರ ಬಾವಿಯ ನೀರು ಕುಡಿದು ನೋಡಿದರು. ಗಡಿಯವನು ಜಗಳಗಂಟನಾ ಎಂದು ತಿಳಿಯಲಿಕ್ಕೆ ಅವನ ಅಂಗಡಿಯಲ್ಲಿ ಕೂತು ಬೀಡಿ ಸೇದಿದರು, ಬೀಡಿಯ ಅಭ್ಯಾಸವೇ ಇಲ್ಲದವರು. ಮೊಯಿದಿನಬ್ಬ ಜಾಗ ತೆಗೆಯುತ್ತಾರಾ ಮಗಳನ್ನು ಕೊಡುತ್ತಾರಾ ಎಂದು ಊರವರು ತಮಾಷೆ ಮಾಡಿದರು. ಅಂಥ ಜಾಗ ಕೊಟ್ಟು, ಕಪ್ಪು ಡಬ್ಬಿಯಲ್ಲಿ ಮಾತ್ರ ಇರುವ ಮನೆ ತೆಗೆಯುವುದೆಂದರೆ ನನ್ನ ಕೈ ಓಡಲಿಲ್ಲ.

ಅಜ್ಮಾನಿಗೆ ಹೋಗಿ ಬಾವಿ ನೀರು ಕುಡಿಯಲಿಕ್ಕೆ ನನಗೆ ಆಗುವುದಿಲ್ಲ. ಆದರೆ ವಿಚಾರಣೆ ಮಾಡಲಿಕ್ಕೆ ಬರುತ್ತದೆ. ಬುಧವಾರ ಕಾಂತಿಯನ್ನು ಎಬ್ಬಿಸಿಕೊಂಡು ಸಿದ್ಧಕಟ್ಟೆ ದಾರಿಯ ಬಸ್ಸು ಹಿಡಿದು ಮೂಡುಬಿದಿರೆಗೆ ಹೋದೆ. ಹುಡುಗನ ಮನೆಯಲ್ಲಿ ಕೇಳಿದರೆ ಹುಡುಗ ಬಂಗಾರ. ಪಕ್ಕದ ಮನೆಯಲ್ಲಿ ಕೇಳಬೇಕು, ಸಾಲ ಬರೆಸುವ ಅಂಗಡಿಯಲ್ಲಿ ಕೇಳಬೇಕು. ಆದರೆ "ಸಾಬಿತ್ ಎಂಥ ಏಜೆಂಟ್" ಎಂದು ಕೇಳಿದರೆ ಯಾರು ಹೇಳುತ್ತಾರೆ? ಊರಿನ ಹುಡುಗನ ಹೊಟ್ಟೆಪಾಡಿಗೆ ಕಲ್ಲು ಹಾಕುವವರು ಯಾರೂ ಇಲ್ಲ. ಅದಕ್ಕೆ ನಾನು ಕೇಳಿದ್ದು ಬೇರೆ. "ಒಬ್ಬಳು ಹುಡುಗಿಯ ಬಾಳಿನ ವಿಷಯ, ಸಾಬಿತ್ ಹೇಗೆ ಹೇಳಿ" ಎಂದೆ. ಸುಳ್ಳು ಹೇಳಲಿಲ್ಲ ನೋಡು. ನೀನು ಹುಡುಗಿಯೇ, ನಿನ್ನ ಬಾಳಿನ ವಿಷಯವೇ.

ಮದುವೆಯ ವಿಷಯದಲ್ಲಿ ಕೇಳಿದರೆ ನಮ್ಮವರು ಸುಳ್ಳು ಹೇಳುವುದಿಲ್ಲ, ನಾಳೆ ಅಲ್ಲಾಹನ ಎದುರು ಉತ್ತರ ಕೊಡಬೇಕೆಂಬ ಭಯ ಉಂಟು. ಸಾಬಿತನ ಪಕ್ಕದ ಮನೆಯ ಹೆಂಗಸು ಸೆರಗು ಸರಿಮಾಡಿಕೊಂಡು ಕೂತಳು. "ಹುಡುಗ ಒಳ್ಳೆಯವ. ಕುಡಿಯುವುದಿಲ್ಲ, ದೊಡ್ಡವರು ಕಂಡರೆ ಎದ್ದು ನಿಲ್ಲುತ್ತಾನೆ. ಆದರೆ ಒಂದು ಕೆಲಸದಲ್ಲಿ ಮಾತ್ರ ನಿಲ್ಲುವುದಿಲ್ಲ ಮಾರಾಯ್ತಿ. ಮೊದಲು ನೀರಿನ ಫಿಲ್ಟರ್ ಮಾರಿದ, ಮತ್ತೆ ಇನ್ಶೂರೆನ್ಸ್ ಎಂದ, ಈಗ ದುಬೈ ಫ್ಲ್ಯಾಟ್ ಎನ್ನುತ್ತಾನೆ. ನಮ್ಮ ಮೈದುನನೂ ಅಡ್ವಾನ್ಸ್ ಕೊಟ್ಟಿದ್ದಾರೆ. ಕೇಳಿದರೆ ಮುಂದಿನ ವರ್ಷ ಬೀಗದ ಕೈ ಎನ್ನುತ್ತಾನೆ. ಮೊನ್ನೆಯೂ ಮುಂದಿನ ವರ್ಷ ಎಂದ, ಹೋದ ವರ್ಷವೂ ಮುಂದಿನ ವರ್ಷ ಎಂದ."

ಕಾಂತಿ ನಗು ತಡೆಯಲಿಕ್ಕಾಗದೆ ಅಂಗಳಕ್ಕೆ ಹೋಗಿ ದಾಸವಾಳ ನೋಡುತ್ತಾ ನಿಂತಳು.

ನಾನು ಜಾಣೆ ಎಂದುಕೊಂಡು ಮನೆಗೆ ಬಂದೆ. ಆದರೆ ಒಂದು ಮರೆತಿದ್ದೆ. ಮದುವೆಯ ಸುದ್ದಿ ಬಸ್ಸಿಗಿಂತ ಬೇಗ ಊರು ಸೇರುತ್ತದೆ. ಶನಿವಾರ ಬೆಳಿಗ್ಗೆ ಅಂಗಳದಲ್ಲಿ ಆಟೋ ನಿಂತಿತು. ಸಾಬಿತನ ತಾಯಿ ಶಹನಾಝ್, ಕೈಯಲ್ಲಿ ಹಲ್ವದ ಪೊಟ್ಟಣ. "ನನ್ನ ಮಗನಿಗೆ ಹುಡುಗಿ ನೋಡಿದ್ದೀರಂತೆ, ಕೇಳಿ ನಿದ್ದೆ ಬರಲಿಲ್ಲ" ಎಂದಳು. ನಾನು ಬೇಗ ಬೇಗ ಕುರ್ಚಿ ಎಳೆದು ಕೊಟ್ಟೆ. ಬೇಲಿಯ ಆಚೆ ಕಾಂತಿ ಬಟ್ಟೆ ಒಣಗಿಸುವುದನ್ನು ಬಿಟ್ಟು ಕಿವಿ ಕೊಟ್ಟಳು.

ಒಳ್ಳೆಯ ಹೆಂಗಸು, ಶಮ್ನಾ. ಮಗನ ಗುಣವನ್ನೂ ಹೇಳಿದಳು, ದೋಷವನ್ನೂ ಹೇಳಿದಳು. ಗಂಡ ತೀರಿಹೋದ ಮೇಲೆ ಬಂದ ದುಡ್ಡನ್ನು ಬ್ಯಾಂಕಿನಲ್ಲಿಟ್ಟಿದ್ದಾಳಂತೆ. ಮಾತಿನ ಮಧ್ಯೆ, ಯಾರೂ ಕೇಳದೆ ತಾನೇ ಹೇಳಿದಳು: "ನನಗೂ ಒಂದು ಫ್ಲ್ಯಾಟ್ ತೆಗೆದುಕೊಡು ಮಗಾ, ಬಾಡಿಗೆ ಬಂದೀತು ಎಂದೆ. ಬೇಡ ಉಮ್ಮ, ನಿಮಗೆ ಅದೆಲ್ಲ ಬೇಡ, ನಿಮ್ಮದು ಬ್ಯಾಂಕಿನಲ್ಲೇ ಇರಲಿ ಎಂದ. ತಾಯಿಯ ಮೇಲೆ ಅಷ್ಟು ಪ್ರೀತಿ ಅವನಿಗೆ."

ನಾನು ಹಲ್ವ ಬಾಯಿಗೆ ಹಾಕಿದವಳು ಹಾಗೇ ಕೂತೆ. ಅವಳು ಅದನ್ನು ಮಗನ ಪ್ರೀತಿಯ ಸಾಕ್ಷಿ ಎಂದು ಹೇಳಿದ್ದು. ಪ್ರೀತಿ ಹೌದು, ಅದರಲ್ಲಿ ನನಗೆ ಸಂಶಯ ಇಲ್ಲ. ಆದರೆ ಹೆತ್ತ ತಾಯಿಗೆ ಬೇಡ ಎಂದ ಮನೆಯನ್ನು ನನ್ನ ಮಗಳಿಗೆ ಯಾಕೆ ಕಟ್ಟುತ್ತಿದ್ದಾನೆ? ಅಲ್ಲಿಯೇ ನನಗೆ ಅರ್ಧ ತೀರ್ಮಾನ ಆಯಿತು.

ಉಳಿದ ಅರ್ಧಕ್ಕೆ ಫಾಯಿಝಾ ಇದ್ದಾಳಲ್ಲ. ನಿನಗೆ ನೆನಪುಂಟಾ, ಮೇಲ್ಕಾರಿನ ಹುಡುಗಿ, ವಿಟ್ಲದ ಹುಡುಗನಿಗೆ ನಾನೇ ಮಾಡಿಸಿದ ಮದುವೆ, ಈಗ ಅಜ್ಮಾನಿನಲ್ಲೇ ಸಂಸಾರ. ನನ್ನ ಮದುಮಗಳಂದಿರು ಕೊಲ್ಲಿಯ ಯಾವ ಊರಿನಲ್ಲಿ ಇಲ್ಲ ಹೇಳು. ಅವಳಿಗೆ ಫೋನ್ ಮಾಡಿ, ಸಾಬಿತ್ ಕೊಟ್ಟಿದ್ದ ಕಾಗದದಲ್ಲಿದ್ದ ವಿಳಾಸ ಹೇಳಿ, "ಗಂಡನನ್ನು ಕರೆದುಕೊಂಡು ಹೋಗಿ ಆ ಮನೆಯ ಮುಖ ನೋಡಿ ಬಾ ಮಗಳೇ" ಎಂದೆ. ಭಾನುವಾರ ಸಂಜೆ ಫೋನ್ ಬಂತು.

"ಮಾಮಿ, ಇಲ್ಲಿ ಮರಳು ಉಂಟು, ಬೇಲಿ ಉಂಟು, ದೊಡ್ಡ ಬೋರ್ಡ್ ಉಂಟು. ಬೋರ್ಡಿನ ಅಡಿಯಲ್ಲಿ ಒಂದು ಬೆಕ್ಕು ಮಲಗಿದೆ. ಬೇರೆ ಎಂಥದ್ದೂ ಇಲ್ಲ."

"ಸಮುದ್ರ?"

"ಹತ್ತಿರದ ಅಂಗಡಿಯವರನ್ನು ಕೇಳಿದೆ. ಅವರು ಬಸ್ ನಂಬರ್ ಹೇಳಿದರು."

ಅಂಗಡಿಯವರು ಮಲಯಾಳಿ, ಮೂರು ವರ್ಷದ ಹಿಂದೆ ಅಂಗಡಿ ಇಡುವಾಗಲೇ ಆ ಬೋರ್ಡ್ ಇತ್ತಂತೆ, ಮಧ್ಯೆ ಒಂದು ಸಲ ಗಾಳಿಗೆ ಬಿದ್ದು ಮತ್ತೆ ನಿಲ್ಲಿಸಿದ್ದಂತೆ. ಫಾಯಿಝಾಳ ಗಂಡ ಬುದ್ಧಿವಂತ. ಮರುದಿನ ಜಾಗದ ವ್ಯವಹಾರ ನೋಡುವ ಸರಕಾರಿ ಆಫೀಸಿಗೂ ಹೋಗಿ ವಿಚಾರಿಸಿದ. ಏಜೆಂಟ್ ಎಂದರೆ ಅವನ ಹೆಸರು ಅಲ್ಲಿ ನೋಂದಣಿ ಆಗಿರಬೇಕಂತೆ, ಸಾಬಿತನ ಹೆಸರು ಇಲ್ಲ. ಕಟ್ಟುತ್ತಿರುವ ಮನೆಯ ದುಡ್ಡು ಆ ಕಟ್ಟಡದ ಹೆಸರಿನ ಬ್ಯಾಂಕ್ ಖಾತೆಗೇ ಹೋಗಬೇಕಂತೆ, ಯಾರ ಕೈಗೂ ಕೊಡಬಾರದಂತೆ.

ಇಷ್ಟು ತಿಳಿದ ಮೇಲೂ ನಾನು ಗುರುವಾರ ಬೆಳ್ತಂಗಡಿಗೆ ಹೋದೆ. ಎದುರು ಕೂತು ಕೇಳದೆ ಒಬ್ಬ ಹುಡುಗನನ್ನು ತಳ್ಳಿಹಾಕುವುದು ನನ್ನ ಕಸುಬಿನಲ್ಲಿ ಇಲ್ಲ. ಕಾಂತಿ ಕರೆಯದೆಯೇ ಬಂದಳು. ಸಾಬಿತ್ ಕ್ರಯಪತ್ರ ಬರೆಯುವವರ ಜಗಲಿಯಲ್ಲಿ ಕೋಟು ಹಾಕಿ ಕಾಯುತ್ತಿದ್ದ, ಜಾಗ ತೆಗೆಯುವವರನ್ನೂ ಕರೆತಂದಿದ್ದ. ನಾನು ಅವನನ್ನು ಎದುರಿನ ಕಬ್ಬಿನ ಹಾಲಿನ ಗಾಡಿಯ ಹತ್ತಿರ ಕರೆದೆ. ಈ ಸಲ ಕುಡಿಸುವ ಮೊದಲು ಕೇಳಿದೆ.

"ಮಗಾ, ಅಲ್ಲಿಯ ಸರಕಾರ ಕೊಟ್ಟ ನಿನ್ನ ಕಾರ್ಡ್ ಎಲ್ಲಿ?"

"ನಾನು ಸಬ್ ಏಜೆಂಟ್, ಮಾಮಿ. ಕಾರ್ಡ್ ಬಾಸಿನ ಹೆಸರಿನಲ್ಲಿ ಉಂಟು."

"ಬಾಸ್ ಎಲ್ಲಿದ್ದಾರೆ?"

"ಸದ್ಯಕ್ಕೆ ಟರ್ಕಿಯಲ್ಲಿ."

"ಅಲ್ಲಿ ಎಂಥ ಕೆಲಸ?"

"ಅಲ್ಲಿಯೂ ಫ್ಲ್ಯಾಟ್ ಮಾರ್ತಾರೆ."

"ಹಣ ಯಾರ ಖಾತೆಗೆ ಹೋಗ್ತದೆ?"

"ಮೊದಲು ನನ್ನದಕ್ಕೆ. ಮತ್ತೆ ನಾನು ಕಳಿಸ್ತೇನೆ."

"ಬೀಗದ ಕೈ ಸಿಕ್ಕಿದವರು ಒಬ್ಬರನ್ನು ತೋರಿಸು."

ಅವನು ಕರ್ಚೀಫು ತೆಗೆದ. ನಾನು ಸ್ವರ ಏರಿಸಲಿಲ್ಲ. "ನಿನ್ನ ಉಮ್ಮನಿಗೆ ಯಾಕೆ ಬೇಡ ಎಂದೆ, ಸಾಬಿತ್?" ಎಂದು ಕೇಳಿದೆ.

ಅವನ ಕಿವಿ ಎರಡೂ ಕೆಂಪಾದವು. ಕರ್ಚೀಫನ್ನು ಮಡಚಿ ಮಡಚಿ ಚಿಕ್ಕದು ಮಾಡಿದ. ಕೊನೆಗೆ, "ಉಮ್ಮನ ಹತ್ತಿರ ಇರುವುದು ಅಷ್ಟೇ, ಮಾಮಿ" ಎಂದ.

"ನನ್ನ ಮಗಳ ಹತ್ತಿರ ಇರುವುದೂ ಅಷ್ಟೇ" ಎಂದೆ.

ಅವನು ಕೋಟು ಬಿಚ್ಚಿ ಕೈಯ ಮೇಲೆ ಹಾಕಿಕೊಂಡ. ಕೋಟು ಇಲ್ಲದೆ ನೋಡಿದರೆ ನಮ್ಮ ಲತೇಶನ ಹಾಗಿನ ಹುಡುಗನೇ. ಕಳ್ಳ ಅಲ್ಲ, ಶಮ್ನಾ. ಮಾರುವ ಮಾತನ್ನು ತಾನೇ ಅರ್ಧ ನಂಬಿದವ. ಆದರೆ ದುಡ್ಡು ಮುಳುಗುವಾಗ ಅರ್ಧ ನಂಬಿದವನ ಕೈಯಲ್ಲೂ ಪೂರ್ತಿ ಮುಳುಗುತ್ತದೆ. ಜಾಗ ತೆಗೆಯಲಿಕ್ಕೆ ಬಂದವರಿಗೆ ಕೈ ಮುಗಿದು ಕಳಿಸಿದೆ. ನಿಮ್ಮ ಪಕ್ಕದ ಮನೆಯವಳ ಮೈದುನನ ಅಡ್ವಾನ್ಸ್ ಬಾಸಿನಿಂದ ವಾಪಸು ಕೇಳು, ಕೊಡದಿದ್ದರೆ ಅವರ ಜೊತೆ ನೀನೂ ನಿಂತು ದೂರು ಕೊಡು, ನಾಳೆ ಎಲ್ಲರೂ ಹಿಡಿಯುವುದು ನಿನ್ನ ಕಾಲರನ್ನೇ ಎಂದು ಸಾಬಿತನಿಗೆ ಬುದ್ಧಿ ಹೇಳಿದೆ. ಆಮೇಲೆ ಕಬ್ಬಿನ ಹಾಲು ಕುಡಿಸಿದೆ, ಶುಂಠಿ ಹಾಕಿ.

ಈಗ ನನ್ನ ತಲೆಗೆ ಬಿದ್ದದ್ದು ಬೇರೆ. ಶಹನಾಝ್ ದಿನಾ ಫೋನ್ ಮಾಡುತ್ತಾಳೆ, ಹುಡುಗಿ ಯಾವಾಗ ತೋರಿಸ್ತೀರಿ ಎಂದು. ನಾನು ಹುಡುಕಲೇಬೇಕಾಗಿದೆ. "ಮೊದಲು ಅವನು ಒಂದು ಕೆಲಸದಲ್ಲಿ ಒಂದು ವರ್ಷ ನಿಲ್ಲಲಿ, ಮತ್ತೆ ನನ್ನ ಜವಾಬ್ದಾರಿ" ಎಂದು ಹೇಳಿ ಸಮಯ ತೆಗೆದುಕೊಂಡಿದ್ದೇನೆ. ಕಾಂತಿ ಊರೆಲ್ಲ ಹೇಳುತ್ತಾ ಬರುತ್ತಿದ್ದಾಳೆ, ನಫೀಸಕ್ಕ ಫ್ಲ್ಯಾಟ್ ವಿಚಾರಿಸಲಿಕ್ಕೆ ಹೋಗಿ ಮದುಮಗನನ್ನು ತಂದರು ಎಂದು.

ಹೊರದೇಶದಲ್ಲಿ ಮನೆ ತೆಗೆಯಬೇಡ ಎಂದು ನಾನು ಹೇಳುತ್ತಿಲ್ಲ, ತಪ್ಪು ತಿಳಿಯಬೇಡ. ತೆಗೆ. ಆದರೆ ಕಟ್ಟಿ ಮುಗಿದದ್ದನ್ನು ತೆಗೆ, ನಲ್ಲಿ ತಿರುಗಿಸಿದರೆ ನೀರು ಬರುವುದನ್ನು. ಏಜೆಂಟ್ ಯಾರ ಮಗ ಎಂದು ಕೇಳಬೇಡ, ಅವನ ಕಾರ್ಡ್ ಕೇಳು, ಕೇಳಿದ್ದನ್ನು ಆಫೀಸಿನಲ್ಲಿ ತಾಳೆ ನೋಡು. ಅವನು ಅವಸರ ಮಾಡಿದಷ್ಟೂ ನೀನು ನಿಧಾನ ಮಾಡು. ಅದೇ ಕಟ್ಟಡದಲ್ಲಿ ವಾಸ ಇರುವ ಹೆಂಗಸೊಬ್ಬಳ ಹತ್ತಿರ ಲಿಫ್ಟಿನಲ್ಲಿ ಮಾತಾಡು, ಏಜೆಂಟ್ ಹೇಳದೆ ಬಿಟ್ಟದ್ದನ್ನೆಲ್ಲ ಅವಳು ಹೇಳುತ್ತಾಳೆ. ಎಲ್ಲಿಗೆ ಹೋಗುವುದಾದರೂ ಫಾಯಿಝಾಳನ್ನು ಕರೆದುಕೊಂಡು ಹೋಗು. ಅವಳು ಬಂಗಾರ ತೆಗೆಯುವಾಗ ಅಂಗಡಿಯವನ ಬೆವರು ಇಳಿಸಿದ ಹುಡುಗಿ.

ಊರಿನ ಸುದ್ದಿ ಹೆಚ್ಚಿಲ್ಲ. ನೇತ್ರಾವತಿಯ ನೀರು ಇಳಿದಿದೆ. ನಿನ್ನ ಹಳೆಯ ಕೋಣೆಗೆ ಹೊಸ ಫ್ಯಾನ್ ಹಾಕಿಸಿದೆ, ಅದು ನನ್ನ ಹಾಗೆ, ಗಾಳಿಗಿಂತ ಸದ್ದು ಜಾಸ್ತಿ. ಹೊತ್ತಿಗೆ ಸರಿಯಾಗಿ ಊಟ ಮಾಡು, ಡ್ಯೂಟಿ ಎಂದು ಹಸಿದಿರಬೇಡ. ಅಳಿಯ ನೌಫಲನಿಗೆ ನನ್ನ ಸಲಾಂ ಹೇಳು. ಅಲ್ಲಾಹನು ನಿನ್ನ ಕೈಹಿಡಿದು ನಡೆಸಲಿ, ನೀನು ಕಾಲಿಟ್ಟ ನೆಲ ಗಟ್ಟಿಯಾಗಿರಲಿ, ನೀನು ಬಾಗಿಲು ಹಾಕಿಕೊಂಡು ಮಲಗುವ ಮನೆಯಲ್ಲಿ ನಿನಗೆ ನೆಮ್ಮದಿಯ ನಿದ್ದೆ ಬರಲಿ.

ಇಂತಿ,
ನಿನ್ನನ್ನು ದಿನವೂ ನೆನೆಯುವ ಉಮ್ಮ
ನಫೀಸಮ್ಮ

ಮರೆತು ಬಿಟ್ಟದ್ದು: ಮರೆತದ್ದಲ್ಲ ಶಮ್ನಾ, ಬರೆಯಲಿಕ್ಕೆ ಧೈರ್ಯ ಬರಲಿಲ್ಲ. ಕಾಗದ ಮಡಚಿ ಇಟ್ಟು, ಸಂಜೆಯ ಮಗರಿಬ್ ನಮಾಜ್ ಮುಗಿಸಿ, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ.

ಬೆಳ್ತಂಗಡಿಯಲ್ಲಿ ಹೊರಡುವಾಗ ಸಾಬಿತ್ ತನ್ನ ಮೇಲಿನ ಆರೋಪ ಕಳೆದುಕೊಳ್ಳಲಿಕ್ಕೆ ಒಂದು ಮಾತು ಹೇಳಿದ. "ಮಾಮಿ, ನಾನು ಒತ್ತಾಯ ಮಾಡಿದ್ದಲ್ಲ. ಅವಸರ ಮಾಡಿದ್ದು ಮೇಡಮ್ಮೇ. ದೊಡ್ಡದು ತೋರಿಸಿದೆ, ನನಗೊಬ್ಬಳಿಗೆ ಒಂದು ಕೋಣೆ ಸಾಕು ಎಂದರು. ಸರ್ ಹೆಸರನ್ನೂ ಸೇರಿಸುವುದಾ ಎಂದು ಕೇಳಿದೆ. ಬೇಡ, ಅವರು ಅಲ್ಲಿ ಇರುವುದಿಲ್ಲ ಎಂದರು." ಅವನಿಗೆ ನಾನು ಏನೂ ತೋರಿಸಿಕೊಳ್ಳಲಿಲ್ಲ. ಕಾಂತಿ ಕೇಳಿಸಿಕೊಂಡಳು. ಬಿ.ಸಿ. ರೋಡಿನ ತನಕ ಬಸ್ಸಿನಲ್ಲಿ ನನ್ನ ಕೈ ಹಿಡಿದುಕೊಂಡು ಕೂತಳು. ಅವಳು ಯಾರಿಗೂ ಹೇಳುವುದಿಲ್ಲ, ಆ ಹೆದರಿಕೆ ಬೇಡ. ಮೇಲೆ ನೌಫಲನಿಗೆ ಸಲಾಂ ಬರೆದದ್ದು ಕೈಯ ಅಭ್ಯಾಸ.

ನೌಫಲ್ ನಾನು ತಂದ ಸಂಬಂಧ. ಅದಕ್ಕೇ ಅಲ್ಲವಾ ನೀನು ನನಗೆ ಹೇಳದೆ ಇದ್ದದ್ದು? ಊರವರ ಮದುವೆ ಮಾಡಿಸುವ ಉಮ್ಮನ ಸ್ವಂತ ಮಗಳ ಸಂಸಾರ ಮುರಿಯಿತು ಎಂದರೆ ಇನ್ನು ಅವಳನ್ನು ಯಾರು ಕರೆಯುತ್ತಾರೆ ಎಂದು ಯೋಚಿಸಿದೆಯಾ? ಹುಚ್ಚಿ. ಯಾರೂ ಕರೆಯದಿದ್ದರೆ ಮನೆಯಲ್ಲಿ ಕೂತು ಟಿ.ವಿ. ನೋಡ್ತೇನೆ. ಏನಾಯಿತು, ಯಾರದ್ದು ತಪ್ಪು ಎಂದು ನಾನು ಕೇಳುವುದಿಲ್ಲ. ನಿನಗೆ ಹೇಳಬೇಕೆನಿಸಿದ ದಿನ ಹೇಳು, ಅನಿಸದಿದ್ದರೆ ಬೇಡ. ಆದರೆ ನೋವಾಯಿತು, ಅದನ್ನು ಮುಚ್ಚಿಡುವುದಿಲ್ಲ. ಕೋಟು ಹಾಕಿ ಬಂದ ಒಬ್ಬ ಹುಡುಗನಿಗೆ ಗೊತ್ತಿದ್ದ ವಿಷಯ ನಿನ್ನನ್ನು ಹೆತ್ತವಳಿಗೆ ಗೊತ್ತಿರಲಿಲ್ಲ.

ಒಳ್ಳೆಯ ಮನೆ ಸಿಕ್ಕಿದ ದಿನ ವೇಣೂರಿನ ಜಾಗ ಮಾರುವ. ಬಾಪ ಅದನ್ನು ನಿನ್ನ ಹೆಸರಿನಲ್ಲಿ ಮಾಡಿದ್ದು ಇಂಥ ದಿನಕ್ಕೇ ಇರಬೇಕು. ಸಹಿ ನಾನು ಹಾಕ್ತೇನೆ, ಆ ಸಲ ಕಬ್ಬಿನ ಹಾಲು ಕುಡಿದು ವಾಪಸು ಬರುವುದಿಲ್ಲ. ಹೆಸರು ನಿನ್ನದೊಂದೇ ಇರಲಿ, ಅದು ಸರಿ. ಆದರೆ ಒಂದು ಕೋಣೆಯದ್ದು ಬೇಡ ಮಗಳೇ, ಎರಡು ಕೋಣೆಯದ್ದು ನೋಡು. ನಾನು ನಿನ್ನ ಹತ್ತಿರ ಬರ್ತೇನೆ, ಒಂದೇ ಕೋಣೆಯಾದರೆ ನನ್ನ ಗೊರಕೆಗೆ ನಿನಗೆ ನಿದ್ದೆ ಬರಲಿಕ್ಕಿಲ್ಲ.